'ನಾವೆಲ್ಲ ಒಂದೇ ದೇಶದ ಪ್ರಜೆಗಳು' ಅಂದರೆ ಸಾಕಾ? ಅಪ್ಪ–ಮಗಳ ಜಗಳಕ್ಕೆ ಒಂದು ಉತ್ತರ

ಪ್ರಶ್ನೆ: ನನ್ನ ಅಣ್ಣ ಅಮೆರಿಕಕ್ಕೆ ಹೋಗಿ ಇಪ್ಪತ್ತೈದು ವರ್ಷವಾಯಿತು. ಈಗ ಅಲ್ಲಿನ ಪೌರತ್ವವೂ ಸಿಕ್ಕಿದೆ, ಡೆಮಾಕ್ರಟಿಕ್ ಪಕ್ಷಕ್ಕೆ ವೋಟು ಹಾಕುತ್ತಾನೆ. ಅಲ್ಲೇ ಹುಟ್ಟಿದ ಅವನ ಮಗಳು ಕಾಲೇಜಿನಲ್ಲಿದ್ದಾಳೆ, ಅವಳ ವೋಟೂ ಅದೇ ಪಕ್ಷಕ್ಕೆ. ಆದರೂ ಇಬ್ಬರೂ ಊಟಕ್ಕೆ ಕೂತರೆ ಜಗಳ. ಕಪ್ಪು, ಬಿಳಿ, ಹೆಣ್ಣು, ಗೇ ಅಂತ ಜನರನ್ನು ಗುಂಪು ಗುಂಪು ಮಾಡಿದ್ದಕ್ಕೇ ಲಿಬರಲ್‌ಗಳು ಸೋಲುತ್ತಿದ್ದಾರೆ, ನಾವೆಲ್ಲ ಅಮೆರಿಕದ ಪ್ರಜೆಗಳು ಅಂದರೆ ಮುಗೀತಲ್ಲ ಅಂತ ಅಣ್ಣ. ಆ 'ನಾವೆಲ್ಲ'ದಲ್ಲಿ ಕೆಲವರನ್ನು ಯಾವತ್ತೂ ಸೇರಿಸಿಕೊಂಡೇ ಇರಲಿಲ್ಲ ಅಂತ ಮಗಳು. ಇಬ್ಬರ ಮಾತೂ ಸರಿ ಅನ್ನಿಸಿ ನಾನು ಸುಮ್ಮನಾಗುತ್ತೇನೆ. ನಿಜಕ್ಕೂ ಯಾರು ಸರಿ?

ಉತ್ತರ: ಚರಿತ್ರೆಯ ವಿಷಯದಲ್ಲಿ ಮಗಳು ಸರಿ. ಚುನಾವಣೆಯ ವಿಷಯದಲ್ಲಿ ಅಣ್ಣ ಅರ್ಧ ಸರಿ. ಆ ಅರ್ಧ ಯಾವುದು ಅಂತ ಹೇಳಬೇಕಾದರೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ. ನಾನು ಅಮೆರಿಕದ ರಾಜಕೀಯ ಚರಿತ್ರೆ ಪಾಠ ಮಾಡುವವಳು, ಪ್ರತಿ ವರ್ಷ ಯಾರೋ ಒಬ್ಬ ವಿದ್ಯಾರ್ಥಿ ಈ ಪ್ರಶ್ನೆ ಎತ್ತಿದಾಗ ಇಡೀ ತರಗತಿ ಎರಡು ಪಾಲಾಗುತ್ತದೆ. ಹಾಗಾಗಿ ನಿಮ್ಮ ಅಣ್ಣನ ಮನೆಯ ಊಟದ ಮೇಜು ನನಗೆ ಗುರುತಿಲ್ಲದ ಜಾಗವೇನಲ್ಲ.

ಈ ಜಗಳ ಅವರ ಮನೆಯದ್ದಷ್ಟೇ ಅಲ್ಲ. 2016ರ ನವೆಂಬರ್‌ನಲ್ಲಿ ಟ್ರಂಪ್ ಗೆದ್ದ ಹತ್ತೇ ದಿನಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಲಿಲ್ಲಾ ಅನ್ನುವ ಪ್ರಾಧ್ಯಾಪಕರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದರು. ಅವರೂ ಲಿಬರಲ್ಲೇ. ಲಿಬರಲ್‌ಗಳು ಜನಾಂಗ, ಲಿಂಗ, ಲೈಂಗಿಕತೆಯ ಮಾತಿನಲ್ಲೇ ಮುಳುಗಿ, ಎಲ್ಲರನ್ನೂ ಒಟ್ಟಿಗೆ ಕರೆಯುವ ಭಾಷೆಯನ್ನೇ ಮರೆತಿದ್ದಾರೆ, 'ಪ್ರಜೆ' ಅನ್ನುವ ಹಂಚಿಕೊಂಡ ಗುರುತಿಗೆ ವಾಪಸ್ ಬರಬೇಕು ಅನ್ನುವುದು ಅವರ ವಾದ. ಸಿಟ್ಟಾದವರು ಬಹಳ. ಅವರದೇ ವಿಶ್ವವಿದ್ಯಾಲಯದವರೂ ಅದರಲ್ಲಿ ಇದ್ದರು. ನಿಮ್ಮ ಅಣ್ಣ ಆ ಲೇಖನ ಓದಿರಲಿ, ಬಿಡಲಿ, ಹೇಳುತ್ತಿರುವುದು ಅದನ್ನೇ.

ಅಣ್ಣನಿಗೆ ಮೊದಲು ಭಗತ್ ಸಿಂಗ್ ಥಿಂಡ್ ಕಥೆ ಹೇಳಿ. ನಮಗೆಲ್ಲ ಗೊತ್ತಿರುವ ಭಗತ್ ಸಿಂಗ್ ಬೇರೆ. ಈತ ಪಂಜಾಬಿನ ಸಿಖ್, 1913ರಲ್ಲಿ ಅಮೆರಿಕಕ್ಕೆ ಹೋದವರು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯ ಸೇರಿ, ಗೌರವದಿಂದ ಬಿಡುಗಡೆಯಾಗಿ ಬಂದು, ಪೌರತ್ವ ಕೇಳಿದರು. ಆಗಿನ ಕಾನೂನಿನಲ್ಲಿ ವಲಸೆ ಬಂದವರು ಪ್ರಜೆಯಾಗಲು ಎರಡೇ ಬಾಗಿಲು. ಒಂದು, 1790ರಿಂದ ಇದ್ದ 'ಬಿಳಿಯರು'. ಇನ್ನೊಂದು, ಗುಲಾಮಗಿರಿ ಹೋದ ಮೇಲೆ 1870ರಲ್ಲಿ ಸೇರಿಸಿದ ಆಫ್ರಿಕಾ ಮೂಲದವರು. ಥಿಂಡ್ ಮೊದಲ ಬಾಗಿಲು ತಟ್ಟಿದರು. ನಾನು ಮೇಲ್ಜಾತಿಯವನು, ಆರ್ಯ, ಜಾತಿ ಕಟ್ಟುಪಾಡಿನಿಂದ ನಮ್ಮ ರಕ್ತ ಬೆರಕೆಯಾಗದೆ ಉಳಿದಿದೆ, ಹಾಗಾಗಿ ನಾನೂ ಬಿಳಿಯನೇ ಅಂತ ಅವರ ಪರ ವಾದ ನಡೆಯಿತು. 1923ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದೇ ದನಿಯಲ್ಲಿ ಇಲ್ಲ ಅಂದಿತು. ವಿಜ್ಞಾನಿಗಳು ಏನೇ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀನು ಬಿಳಿಯನಲ್ಲ ಅನ್ನುವುದು ತೀರ್ಪಿನ ಸಾರ.

ಅಲ್ಲಿಗೆ ನಿಲ್ಲಲಿಲ್ಲ. ಅದಾಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಳ್ಳಲು ಸರ್ಕಾರ ಹೊರಟಿತು. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ 1921ರಲ್ಲಿ ಪ್ರಜೆಯಾಗಿದ್ದವರು, ಪೌರತ್ವ ಕಳೆದುಕೊಂಡರು. ಊರಿಗೆ ಹೋಗಿಬರುತ್ತೇನೆ ಅಂದರೆ ಅಮೆರಿಕದ ಪಾಸ್‌ಪೋರ್ಟ್ ಇಲ್ಲ. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು, ಯಾಕೆ ಅಂತ ಪತ್ರ ಬರೆದಿಟ್ಟು. ನಾನು ಆ ಭಾಗವನ್ನು ತರಗತಿಯಲ್ಲಿ ಹೇಳುವಾಗ ಇವತ್ತಿಗೂ ಗಂಟಲು ಕಟ್ಟುತ್ತದೆ. ಎಲ್ಲ ನಿಯಮ ಪಾಲಿಸಿದ್ದ ಮನುಷ್ಯ ಅವರು. 'ನಾವೆಲ್ಲ ಪ್ರಜೆಗಳು' ಅನ್ನುವ ಮಾತನ್ನು ಪೂರ್ತಿ ನಂಬಿದ್ದರು.

ಈಗ ಇದರ ಪಕ್ಕಕ್ಕೆ ಇನ್ನೊಂದು ಕೇಸು ಇಡಿ. ವಾಂಗ್ ಕಿಮ್ ಆರ್ಕ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆ ತಾಯಿಗೆ ಹುಟ್ಟಿದ ಅಡುಗೆಯವನು. ಚೀನಾಕ್ಕೆ ಹೋಗಿ ವಾಪಸ್ ಬಂದಾಗ, ನೀನು ಪ್ರಜೆಯಲ್ಲ ಅಂತ ಬಂದರಿನಲ್ಲೇ ತಡೆದರು. 1898ರಲ್ಲಿ ಸುಪ್ರೀಂ ಕೋರ್ಟು ಅವನ ಪರ ತೀರ್ಪು ಕೊಟ್ಟಿತು. ಆಧಾರ ಯಾವುದು? 1868ರ ಹದಿನಾಲ್ಕನೇ ತಿದ್ದುಪಡಿ. ಆ ತಿದ್ದುಪಡಿ ಬಂದದ್ದು ಯಾರಿಗಾಗಿ? ಬಿಡುಗಡೆಯಾದ ಕಪ್ಪು ಗುಲಾಮರಿಗಾಗಿ. 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಅದೇ ಕೋರ್ಟು, ಕಪ್ಪು ಜನ ಈ ದೇಶದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಅಂದಿತ್ತು. ಅದನ್ನು ಅಳಿಸಬೇಕಿತ್ತು. ಆದರೆ ತಿದ್ದುಪಡಿಯ ಒಕ್ಕಣೆಯಲ್ಲಿ 'ಕಪ್ಪು' ಅನ್ನುವ ಪದ ಎಲ್ಲೂ ಇಲ್ಲ. ಈ ದೇಶದಲ್ಲಿ ಹುಟ್ಟಿ ಇಲ್ಲಿನ ಕಾನೂನಿಗೆ ಒಳಪಟ್ಟ ಎಲ್ಲರೂ ಪ್ರಜೆಗಳು ಅಂತಿದೆ. ಹಾಗಾಗಿಯೇ ಮೂವತ್ತು ವರ್ಷದ ಮೇಲೆ ಚೀನೀ ಅಡುಗೆಯವನೊಬ್ಬ ಅದೇ ಬಾಗಿಲಿನಿಂದ ಒಳಗೆ ಬರಲು ಆಯಿತು.

ನನ್ನ ಇಡೀ ಉತ್ತರ ಈ ಎರಡು ಕೇಸಿನ ನಡುವಿನ ಅಂತರದಲ್ಲಿದೆ. ಥಿಂಡ್ ವಾದ ಇದ್ದ ಬೇಲಿಯನ್ನು ಹಾಗೇ ಬಿಟ್ಟು ತಾನೊಬ್ಬ ನುಸುಳಿಕೊಳ್ಳುವ ವಾದ. ಪಾಪ, ಆಗಿನ ಕಾನೂನು ಅವರಿಗೆ ಬೇರೆ ದಾರಿ ಜಾಸ್ತಿ ಬಿಟ್ಟಿರಲಿಲ್ಲ, ಅದನ್ನೂ ಹೇಳಲೇಬೇಕು. ಹದಿನಾಲ್ಕನೇ ತಿದ್ದುಪಡಿಯದು ಬೇರೆ ದಾರಿ. ಒಂದು ಜನಾಂಗದ ಗಾಯದಿಂದ ಹುಟ್ಟಿದ ಬೇಡಿಕೆ, ಆದರೆ ಬರೆದದ್ದು ಯಾರು ಬೇಕಾದರೂ ಬಳಸಬಹುದಾದ ಮಾತಿನಲ್ಲಿ. ನಿಮ್ಮ ಅಣ್ಣನ ಮಗಳು ಹುಟ್ಟುತ್ತಲೇ ಪ್ರಜೆಯಾದದ್ದು ಈ ತಿದ್ದುಪಡಿಯಿಂದ. ಆಗ ಅಣ್ಣ ಅತ್ತಿಗೆಯ ಹತ್ತಿರ ಬರೀ ವೀಸಾ ಇದ್ದಿರಬಹುದು ಅಲ್ವಾ? ಇನ್ನು ಅಣ್ಣನಿಗೆ ಅಲ್ಲಿ ನೆಲೆ ಸಿಕ್ಕಿದ್ದು 1965ರ ವಲಸೆ ಕಾನೂನು ತೆರೆದ ದಾರಿಯಲ್ಲಿ. ಅದಕ್ಕೆ ಮುಂಚೆ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ ಸುಮಾರು ನೂರು ಜನ, ಅದೂ 1946ರಿಂದ. ಆ 1965ರ ಕಾನೂನು 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಮತದಾನ ಹಕ್ಕು ಕಾಯ್ದೆ ಬಂದ ಅದೇ ಗಾಳಿಯಲ್ಲಿ ಬಂದದ್ದು. ಚರ್ಮದ ಬಣ್ಣ ನೋಡಿ ಹಕ್ಕು ಕೊಡುವುದು ತಪ್ಪು ಅಂತ ಕಪ್ಪು ಜನ ದೇಶಕ್ಕೆ ಒಪ್ಪಿಸಿದ ಮೇಲೆ, ಹುಟ್ಟಿದ ದೇಶ ನೋಡಿ ವಲಸಿಗರನ್ನು ತಡೆಯುವುದು ಸರಿ ಅಂತ ಹೇಳುವುದು ಕಷ್ಟವಾಯಿತು.

ಅಂದರೆ ಅಪ್ಪನ ಪೌರತ್ವ, ಮಗಳ ಪೌರತ್ವ ಎರಡರ ಹಿಂದೆಯೂ 'ನಾವು ಕಪ್ಪು ಜನ, ನಮಗೆ ಅನ್ಯಾಯವಾಗಿದೆ' ಅಂತ ಎದ್ದು ನಿಂತವರ ಹೋರಾಟ ಇದೆ. ಗುರುತಿನ ರಾಜಕೀಯದಿಂದಲೇ, ಅಂದರೆ ಜನಾಂಗ, ಲಿಂಗದಂಥ ಗುರುತು ಹಿಡಿದು ಮಾಡುವ ರಾಜಕೀಯದಿಂದಲೇ, ದೇಶ ಕೆಟ್ಟಿತು ಅನ್ನುವ ಮುಂಚೆ ಅಣ್ಣ ಇದನ್ನು ಒಂದು ಸಲ ಯೋಚಿಸಲಿ. ಇದು ಮುಗಿದ ಕಥೆಯೂ ಅಲ್ಲ. 2025ರ ಜನವರಿ 20ರಂದು, ಅಧಿಕಾರ ಹಿಡಿದ ಮೊದಲ ದಿನವೇ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ದಾಖಲೆ ಇಲ್ಲದೆ ಇರುವವರ ಮಕ್ಕಳಿಗೆ ಮಾತ್ರ ಅಲ್ಲ, ತಾತ್ಕಾಲಿಕ ವೀಸಾದ ಮೇಲೆ ಇರುವವರ ಮಕ್ಕಳಿಗೂ ಹುಟ್ಟಿನಿಂದ ಪೌರತ್ವ ಇಲ್ಲ ಅನ್ನುವ ಆದೇಶ. ಕೆಳಗಿನ ಕೋರ್ಟುಗಳು ಅದನ್ನು ತಡೆದವು. ತಡೆಯಲು ಬಳಸಿದ್ದು ಅದೇ 1868ರ ಮಾತು, ಅದೇ ವಾಂಗ್ ಕಿಮ್ ಆರ್ಕ್ ಕೇಸು.

ಹಂಚಿಕೊಂಡ ಪೌರತ್ವ ಅಂದಾಗ ಲಿಬರಲ್‌ಗಳು ಆಸೆಯಿಂದ ನೆನೆಯುವುದು 1933ರಿಂದ 1945ರವರೆಗೆ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲವನ್ನು. ಲಿಲ್ಲಾ ಕೂಡ. ನನಗೂ ಆ ಕಾಲದ ಬಗ್ಗೆ ಗೌರವ ಇದೆ, ವಯಸ್ಸಾದವರು ಬೀದಿಪಾಲಾಗಬಾರದು ಅಂತ ಒಂದು ಸರ್ಕಾರ ಹೊಣೆ ಹೊತ್ತಿದ್ದು ಸಣ್ಣ ವಿಷಯ ಅಲ್ಲ. ಆದರೆ ಆ 'ಎಲ್ಲರ' ಯೋಜನೆಗಳನ್ನು ಹತ್ತಿರದಿಂದ ನೋಡಿ. ವಯಸ್ಸಾದವರಿಗೆ ಪಿಂಚಣಿ ಕೊಡುವ 1935ರ ಸೋಶಿಯಲ್ ಸೆಕ್ಯೂರಿಟಿ ಕಾನೂನಿನಲ್ಲಿ ಕಪ್ಪು, ಬಿಳಿ ಅನ್ನುವ ಭೇದದ ಮಾತೇ ಇಲ್ಲ. ಹೊಲದ ಕೂಲಿಗಳು ಮತ್ತು ಮನೆಗೆಲಸದವರು ಇದರಲ್ಲಿ ಬರುವುದಿಲ್ಲ ಅಂತ ಮಾತ್ರ ಇತ್ತು. ಆಗ ದುಡಿಯುವ ಕಪ್ಪು ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಮಾಡುತ್ತಿದ್ದದ್ದು ಈ ಎರಡೇ ಕೆಲಸ. ಯಾಕೆ ಹೀಗಾಯಿತು ಅನ್ನುವುದರ ಬಗ್ಗೆ ಚರಿತ್ರೆಕಾರರಲ್ಲಿ ವಾದ ಇದೆ, ತೆರಿಗೆ ವಸೂಲಿ ಕಷ್ಟ ಅನ್ನುವ ಕಾರಣವನ್ನೂ ಕೆಲವರು ಕೊಡುತ್ತಾರೆ. ಕಾರಣ ಏನೇ ಇರಲಿ, ಹೊರಗುಳಿದವರು ಯಾರು ಅನ್ನುವುದರಲ್ಲಿ ವಾದ ಇಲ್ಲ. 1950ರ ನಂತರವೇ ಅವರು ಒಳಗೆ ಬಂದದ್ದು.

ಯುದ್ಧದಿಂದ ಬಂದ ಸೈನಿಕರಿಗೆ ಓದು, ಮನೆ ಸಾಲ ಕೊಡುವ 1944ರ ಜಿಐ ಬಿಲ್ ಕಥೆಯೂ ಹೀಗೇ. ಕಾಗದದ ಮೇಲೆ ಎಲ್ಲ ಸೈನಿಕರಿಗೂ ಸಮಾನ. 1947ರಲ್ಲಿ ಮಿಸಿಸಿಪಿಯ 13 ಊರುಗಳಲ್ಲಿ ಸರ್ಕಾರದ ಖಾತರಿಯ ಮೇಲೆ ಕೊಟ್ಟ ಮೂರು ಸಾವಿರದ ಇನ್ನೂರಕ್ಕೂ ಹೆಚ್ಚು ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಎರಡೇ ಎರಡು. ಒಂದೇ ಯುದ್ಧ, ಒಂದೇ ಸಮವಸ್ತ್ರ. ಮನೆ ಸಿಕ್ಕವರ ಮಕ್ಕಳಿಗೆ ಆಸ್ತಿ ಉಳಿಯಿತು, ಸಿಗದವರ ಮಕ್ಕಳಿಗೆ ಬಾಡಿಗೆ ಉಳಿಯಿತು. ಇದನ್ನೆಲ್ಲ ನೋಡಿ ಕಾಲೇಜಿನ ಹುಡುಗಿಯೊಬ್ಬಳು 'ನಾವೆಲ್ಲ' ಅನ್ನುವ ಮಾತನ್ನು ನಂಬುವುದಿಲ್ಲ ಅಂದರೆ ಅವಳದು ಹಟ ಅಲ್ಲ. ಅವಳು ಓದಿ ಕಲಿತದ್ದು ಅದು.

ಸರಿ, ಮಗಳ ಕಡೆಗೆ ಇಷ್ಟು. ಈಗ ಅವಳಿಗೂ ಕೆಲವು ಮಾತು ಹೇಳಬೇಕು.

'ಗುರುತಿನ ರಾಜಕೀಯ' ಅನ್ನುವ ಪದ ಬಳಕೆಗೆ ಬಂದದ್ದು 1977ರಲ್ಲಿ, ಬಾಸ್ಟನ್ನಿನ ಕಪ್ಪು ಹೆಂಗಸರ ಒಂದು ಸಣ್ಣ ಗುಂಪಿನ ಹೇಳಿಕೆಯಿಂದ. ಕೊಂಬಾಹೀ ರಿವರ್ ಕಲೆಕ್ಟಿವ್ ಅಂತ ಗುಂಪಿನ ಹೆಸರು. 1863ರಲ್ಲಿ, ತಾನೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಹ್ಯಾರಿಯೆಟ್ ಟಬ್‌ಮನ್ ಮುಂದೆ ನಿಂತು ಏಳುನೂರಕ್ಕೂ ಹೆಚ್ಚು ಗುಲಾಮರನ್ನು ಬಿಡಿಸಿದ ನದಿಯ ಹೆಸರು ಅದು. ಆ ಹೆಂಗಸರು ಹೇಳಿದ್ದೇನು? ಕಪ್ಪು ಜನರ ಸಂಘಟನೆಗಳಲ್ಲಿ ಹೆಂಗಸರ ಮಾತಿಗೆ ಜಾಗ ಇಲ್ಲ, ಹೆಂಗಸರ ಸಂಘಟನೆಗಳಲ್ಲಿ ಕಪ್ಪು ಜನರ ಮಾತಿಗೆ ಜಾಗ ಇಲ್ಲ, ಹಾಗಾಗಿ ನಮ್ಮ ಬದುಕಿನಿಂದಲೇ ನಮ್ಮ ರಾಜಕೀಯ ಶುರುವಾಗಬೇಕು ಅಂತ. ಶುರುವಾಗಬೇಕು ಅನ್ನುವುದನ್ನು ಗಮನಿಸಿ. ಅಲ್ಲೇ ಮುಗಿಯಬೇಕು ಅಂತ ಅವರು ಎಲ್ಲೂ ಹೇಳಲಿಲ್ಲ. ಅವರು ಸಮಾಜವಾದಿಗಳು. ಬೇರೆಯವರ ಜೊತೆ ಸೇರಿ ಕೆಲಸ ಮಾಡುವುದರಲ್ಲಿ ನಂಬಿಕೆ ಇದ್ದವರು. ಬೇರೆಯವರನ್ನು ಬಿಟ್ಟು ತಾವೇ ಪ್ರತ್ಯೇಕವಾಗಿ ಇರಬೇಕು ಅನ್ನುವ ವಾದವನ್ನು ಅದೇ ಹೇಳಿಕೆಯಲ್ಲಿ ತಿರಸ್ಕರಿಸಿದ್ದಾರೆ. ಆಮೇಲಿನ ವರ್ಷಗಳಲ್ಲಿ, ಅದರಲ್ಲೂ ವಿಶ್ವವಿದ್ಯಾಲಯಗಳಲ್ಲಿ, ಅವರ ಮಾತಿನ ಮೊದಲ ಅರ್ಧ ಉಳಿಯಿತು. 'ನನ್ನ ಅನುಭವದಿಂದ ಹೇಳುತ್ತಿದ್ದೇನೆ' ಅನ್ನುವುದು 'ಹಾಗಾಗಿ ನೀನು ಮಾತಾಡಬೇಡ' ಅಂತ ಆಯಿತು. ಇದು ಎಲ್ಲ ಕಡೆ ಆಯಿತು ಅಂತ ನಾನು ಹೇಳುವುದಿಲ್ಲ. ಆಯಿತು ಅನ್ನುವುದನ್ನು ಮಾತ್ರ ನಾನೇ ತರಗತಿಯಲ್ಲಿ ನೋಡಿದ್ದೇನೆ. ಒಬ್ಬ ಹುಡುಗ ಕೇಳಬೇಕಾದ ಒಳ್ಳೆ ಪ್ರಶ್ನೆಯನ್ನು ನುಂಗಿಕೊಂಡು ಕೂತಿದ್ದನ್ನು ನೋಡಿ ನನಗೆ ಬೇಜಾರಾಗಿದೆ.

ಅದೇ 1977ರಲ್ಲಿ ನಡೆದ ಇನ್ನೊಂದು ಘಟನೆ ನನಗೆ ಬಹಳ ಇಷ್ಟ. ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ಭೇದ ಮಾಡಬಾರದು ಅಂತ 1973ರ ಕಾನೂನಿನಲ್ಲಿ ಒಂದು ಸೆಕ್ಷನ್ ಇತ್ತು, 504ನೇದು. ಆದರೆ ಅದನ್ನು ಜಾರಿ ಮಾಡುವ ನಿಯಮಗಳಿಗೆ ನಾಲ್ಕು ವರ್ಷ ಯಾರೂ ಸಹಿ ಹಾಕಲಿಲ್ಲ. 1977ರ ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡಕ್ಕೆ ನೂರಕ್ಕೂ ಹೆಚ್ಚು ಅಂಗವಿಕಲರು ಹೋಗಿ ಕೂತರು. ಜೂಡಿ ಹ್ಯೂಮನ್ ಅನ್ನುವ, ಪೋಲಿಯೋದಿಂದ ವೀಲ್‌ಚೇರಿನಲ್ಲಿದ್ದ ಹೆಣ್ಣುಮಗಳು ಮುಂದಾಳುಗಳಲ್ಲಿ ಒಬ್ಬಳು. ಹಾಸಿಗೆ ಇಲ್ಲ, ಔಷಧಿ ಇಡಲು ಫ್ರಿಜ್ ಇಲ್ಲ, ರಾತ್ರಿ ಮಗ್ಗುಲು ಬದಲಿಸಬೇಕಾದರೂ ಒಬ್ಬರು ಸಹಾಯ ಮಾಡಬೇಕು. ಅವರು ಸುಮಾರು ಮೂರೂವರೆ ವಾರ ಅಲ್ಲೇ ಇದ್ದರು. ದಿನಾ ಬಿಸಿ ಊಟ ತಂದುಕೊಟ್ಟವರು ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು, ಯಾಕೆಂದರೆ ಒಳಗೆ ಕೂತವರಲ್ಲಿ ಬ್ರ್ಯಾಡ್ ಲೋಮ್ಯಾಕ್ಸ್ ಅನ್ನುವ ಅವರ ಸದಸ್ಯ ಇದ್ದ. ಕೆಲವರು ಮಂತ್ರಿಯನ್ನು ಹಿಡಿಯಲು ವಾಷಿಂಗ್ಟನ್ನಿಗೆ ಹೋದಾಗ ವೀಲ್‌ಚೇರ್ ಸಮೇತ ಓಡಾಡಲು ಲಾರಿ ಗೊತ್ತು ಮಾಡಿಕೊಟ್ಟದ್ದು ಕಾರ್ಮಿಕರ ಯೂನಿಯನ್. ಏಪ್ರಿಲ್ 28ಕ್ಕೆ ಸಹಿ ಬಿತ್ತು.

ಇದು ಗುರುತಿನ ರಾಜಕೀಯವಾ, ಪೌರತ್ವದ ರಾಜಕೀಯವಾ? ಹೇಳಿ ನೋಡೋಣ. ಅಂಗವಿಕಲರು ಅಂಗವಿಕಲರಾಗಿಯೇ ಅಲ್ಲಿ ಕೂತರು, ಅದನ್ನು ಮುಚ್ಚಿಡಲಿಲ್ಲ. ಆದರೆ ಕೇಳಿದ್ದು ನಮ್ಮನ್ನು ಬೇರೆ ಜನ ಅಂತ ನೋಡಿ ಅಂತ ಅಲ್ಲ, ನಮ್ಮ ತೆರಿಗೆಯಿಂದಲೂ ಕಟ್ಟಿದ ಶಾಲೆ, ಆಸ್ಪತ್ರೆ, ಕಚೇರಿಗೆ ನಾವೂ ಬರುವ ಹಾಗೆ ಮಾಡಿ ಅಂತ. ಮೆಟ್ಟಿಲ ಪಕ್ಕದ ಇಳಿಜಾರಿನಲ್ಲಿ ಆಮೇಲೆ ಮಗುವಿನ ಗಾಡಿ ತಳ್ಳುವ ತಾಯಿಯೂ ಹೋದಳು, ಸಾಮಾನು ಎಳೆದು ತರುವ ಕೂಲಿಯೂ ಹೋದ.

ಇನ್ನು ಬೇಯರ್ಡ್ ರಸ್ಟಿನ್. ಈ ಒಬ್ಬ ಮನುಷ್ಯನ ಬದುಕಿನಲ್ಲಿ ನಿಮ್ಮ ಅಣ್ಣನ ವಾದವೂ ಇದೆ, ಮಗಳ ವಾದವೂ ಇದೆ. 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯ ಇಡೀ ವ್ಯವಸ್ಥೆ ಹೊತ್ತವರು ರಸ್ಟಿನ್. ಸುಮಾರು ಎರಡೂವರೆ ಲಕ್ಷ ಜನ ಸೇರಿದ, ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣದಿಂದ ಎಲ್ಲರಿಗೂ ಗೊತ್ತಿರುವ ಮೆರವಣಿಗೆ. ಅದರ ಪೂರ್ತಿ ಹೆಸರಿನಲ್ಲಿ ಸ್ವಾತಂತ್ರ್ಯಕ್ಕಿಂತ ಮುಂಚೆ 'ಉದ್ಯೋಗ' ಅನ್ನುವ ಪದ ಇದೆ, ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ ಆಗಬೇಕು ಅನ್ನುವುದು ಬೇಡಿಕೆಗಳಲ್ಲಿ ಒಂದು. ಅದು ಬಿಳಿ ಕೂಲಿಗೂ ಸಿಗಬೇಕಾದದ್ದು. ಎರಡು ವರ್ಷದ ನಂತರ ರಸ್ಟಿನ್ ಒಂದು ಪ್ರಬಂಧದಲ್ಲಿ, ಬೀದಿಯ ಪ್ರತಿಭಟನೆಯ ಕಾಲ ಮುಗಿಯುತ್ತಾ ಬಂತು, ಇನ್ನು ಕಾರ್ಮಿಕ ಸಂಘಗಳು, ಚರ್ಚುಗಳು, ಲಿಬರಲ್‌ಗಳ ಜೊತೆ ಸೇರಿ ಬಹುಮತ ಕಟ್ಟಬೇಕು ಅಂತ ಬರೆದರು. ಕಪ್ಪು ಜನ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂದು ಪಾಲು, ಒಬ್ಬರೇ ಗೆಲ್ಲುವುದು ಹೇಗೆ ಅನ್ನುವ ನೇರ ಲೆಕ್ಕ ಅದು. ಲಿಲ್ಲಾಗಿಂತ ಐವತ್ತು ವರ್ಷ ಮುಂಚೆ, ಅದಕ್ಕಿಂತ ಬಹಳ ಚೆನ್ನಾಗಿ.

ಆದರೆ ರಸ್ಟಿನ್ ಗೇ. ಅದೇ ಕಾರಣಕ್ಕೆ 1960ರಲ್ಲಿ ಅವರು ಕಿಂಗ್ ಅವರ ಬಳಿಯಿಂದ ದೂರ ಸರಿಯಬೇಕಾಯಿತು. ಮೆರವಣಿಗೆಗೆ ಎರಡು ವಾರ ಇರುವಾಗ ಸ್ಟ್ರಾಮ್ ಥರ್ಮಂಡ್ ಅನ್ನುವ ಸೆನೆಟರ್ ಸೆನೆಟ್ಟಿನಲ್ಲೇ ನಿಂತು ಅವರ ಖಾಸಗಿ ಬದುಕನ್ನು ಎತ್ತಿ ಆಡಿದ. ಆಗ ಹಿರಿಯ ನಾಯಕ ಫಿಲಿಪ್ ರಾಂಡಾಲ್ಫ್ ರಸ್ಟಿನ್ ಬೆನ್ನಿಗೆ ನಿಂತದ್ದರಿಂದ ಅವರು ಉಳಿದುಕೊಂಡರು. ಎಲ್ಲರನ್ನೂ ಸೇರಿಸುವ ರಾಜಕೀಯಕ್ಕೆ ಜೀವ ತೇದ ಮನುಷ್ಯನಿಗೇ ಆ 'ಎಲ್ಲರ' ಒಳಗೆ ಪೂರ್ತಿ ಜಾಗ ಇರಲಿಲ್ಲ. ಗುರುತನ್ನು ಮನೆಯಲ್ಲಿ ಬಿಟ್ಟು ಬಾ ಅಂತ ಯಾರಾದರೂ ಹೇಳಿದರೆ ನನಗೆ ನೆನಪಾಗುವುದು ಇವರು. ಬಿಟ್ಟು ಬರಲು ಅವರಿಗೆ ಬಿಡಲೇ ಇಲ್ಲ, ಎದುರಾಳಿಗಳೇ ಹೊತ್ತು ತಂದರು.

ಹಾಗಾದರೆ ಅಣ್ಣ ಸರಿ ಇರುವುದು ಎಲ್ಲಿ? ಗೆಲ್ಲುವ ಕೆಲಸದಲ್ಲಿ. ಒಬಾಮಾ ಅವರ ಎಂಟು ವರ್ಷದಲ್ಲಿ ಡೆಮಾಕ್ರಟಿಕ್ ಪಕ್ಷ ರಾಜ್ಯಗಳ ಶಾಸನಸಭೆಗಳಲ್ಲಿ 900ಕ್ಕಿಂತ ಜಾಸ್ತಿ ಸೀಟು ಕಳೆದುಕೊಂಡಿತು. ಮತದಾನದ ನಿಯಮ, ಗರ್ಭಪಾತದ ನಿಯಮ, ಶಾಲೆಯ ಪಠ್ಯ, ಕ್ಷೇತ್ರಗಳ ಗಡಿ, ಇದೆಲ್ಲ ಬಹುಪಾಲು ತೀರ್ಮಾನವಾಗುವುದು ಆ ಸಭೆಗಳಲ್ಲಿ. ಅಲ್ಲಿ ಸೋತು, ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ, ಮೇಲೆ ಕೋರ್ಟು, ಜೊತೆಗೆ ವಿಶ್ವವಿದ್ಯಾಲಯ ಇದ್ದರೆ ಸಾಕು ಅಂತ ನಂಬಿದ್ದು ದೊಡ್ಡ ತಪ್ಪು. ಆ ಸೋಲಿಗೆ ಗುರುತಿನ ಮಾತು ಒಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. 2008ರ ಆರ್ಥಿಕ ಕುಸಿತ ಇದೆ, ಮಧ್ಯಾವಧಿ ಚುನಾವಣೆಗೆ ಬಾರದ ಮತದಾರರಿದ್ದಾರೆ. ಆದರೆ ಒಪ್ಪದವರ ಮನೆಗೆ ಹೋಗಿ ಕೂತು ಮಾತಾಡುವ ಅಭ್ಯಾಸ ತಪ್ಪಿಹೋದದ್ದು ನಿಜ.

ಆ ಅಭ್ಯಾಸ ಇಟ್ಟುಕೊಂಡವರು ಏನು ಮಾಡಿದರು ನೋಡಿ. ಮೇನ್ ರಾಜ್ಯದಲ್ಲಿ ಸಲಿಂಗ ಮದುವೆಯ ಕಾನೂನನ್ನು 2009ರಲ್ಲಿ ಜನರೇ ಮತ ಹಾಕಿ ರದ್ದು ಮಾಡಿದರು. ಸೋತವರು ಜನ ಕೆಟ್ಟವರು ಅಂತ ಬೈದು ಮನೆಗೆ ಹೋಗಲಿಲ್ಲ. ಮನೆ ಮನೆ ಬಾಗಿಲು ತಟ್ಟಿದರು. ಹಕ್ಕು, ಸೌಲಭ್ಯ ಅನ್ನುವ ಮಾತು ಕಡಿಮೆ ಮಾಡಿ, ನೀವು ಯಾಕೆ ಮದುವೆಯಾದಿರಿ ಅಂತ ಕೇಳಿದರು, ನಾವೂ ಅದಕ್ಕೇ ಆಗಬೇಕು ಅಂತಿದ್ದೇವೆ ಅಂದರು. 2012ರಲ್ಲಿ ಅದೇ ರಾಜ್ಯದ ಜನ ಮತ ಹಾಕಿ ಒಪ್ಪಿದರು. ಗ್ಯಾಲಪ್ ಸಮೀಕ್ಷೆಯಲ್ಲಿ 1996ರಲ್ಲಿ ದೇಶದ 27% ಜನ ಮಾತ್ರ ಇದನ್ನು ಒಪ್ಪುತ್ತಿದ್ದರು. 2015ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಅನ್ವಯಿಸಿದ ಹೊತ್ತಿಗೆ 60% ಆಗಿತ್ತು. ಗೇ ಅನ್ನುವ ಗುರುತು ಮುಚ್ಚಿಟ್ಟು ಗೆದ್ದದ್ದಲ್ಲ ಇದು. ತಮ್ಮ ಮಗ, ತಮ್ಮ ಅಕ್ಕ, ತಮ್ಮ ಪಕ್ಕದ ಮನೆಯವರು ಗೇ ಅಂತ ಗೊತ್ತಾದ್ದರಿಂದಲೇ ಬಹಳ ಜನ ಬದಲಾದದ್ದು.

ಫ್ಲಾರಿಡಾದ್ದು ಇನ್ನೂ ಕಷ್ಟದ ಕಥೆ. ಅಲ್ಲಿ ದೊಡ್ಡ ಅಪರಾಧಕ್ಕೆ ಶಿಕ್ಷೆಯಾದವರಿಗೆ, ಶಿಕ್ಷೆ ಮುಗಿಸಿ ಬಂದ ಮೇಲೂ ಜೀವನಪೂರ್ತಿ ವೋಟು ಇರಲಿಲ್ಲ. ಲೆಕ್ಕ ಹಾಕಿದರೆ ಹದಿನಾಲ್ಕು ಲಕ್ಷದಷ್ಟು ಜನ. ಕಪ್ಪು ಜನರಿಗೆ ಇದರ ಪೆಟ್ಟು ತಮ್ಮ ಸಂಖ್ಯೆಗೆ ಮೀರಿ ಬಿದ್ದಿತ್ತು, ಆದರೆ ಆ ಪಟ್ಟಿಯಲ್ಲಿ ಬಿಳಿಯರೂ ಲಕ್ಷಗಟ್ಟಲೆ ಇದ್ದರು. ಸ್ವತಃ ಜೈಲು ಕಂಡು ಆಮೇಲೆ ಕಾನೂನು ಓದಿದ ಡೆಸ್ಮಂಡ್ ಮೀಡ್ ಅನ್ನುವ ಕಪ್ಪು ಮನುಷ್ಯ ಈ ಚಳವಳಿ ಮುನ್ನಡೆಸಿದರು. ರಿಪಬ್ಲಿಕನ್ನರ ಮನೆಗೂ ಹೋದರು, ಮತ್ತೊಂದು ಅವಕಾಶ ಎಲ್ಲರಿಗೂ ಬೇಕಲ್ವಾ ಅಂತ ಕೇಳಿದರು. 2018ರಲ್ಲಿ ವೋಟು ವಾಪಸ್ ಕೊಡುವ ಪ್ರಸ್ತಾಪ ಜನರ ಮತಕ್ಕೆ ಬಂತು. 60% ದಾಟಬೇಕಿತ್ತು, ಸುಮಾರು 64% ಬಂತು. ಅದೇ ದಿನ ಅದೇ ಜನ ರಿಪಬ್ಲಿಕನ್ ಗವರ್ನರ್‌ನನ್ನೂ ಗೆಲ್ಲಿಸಿದರು, ಅಂದರೆ ಎರಡಕ್ಕೂ ವೋಟು ಹಾಕಿದವರು ಲಕ್ಷಾಂತರ ಮಂದಿ. ಮುಂದಿನ ವರ್ಷ ಶಾಸನಸಭೆ, ದಂಡ ಮತ್ತು ಕೋರ್ಟು ಶುಲ್ಕ ಪೂರ್ತಿ ಕಟ್ಟಿದವರಿಗೆ ಮಾತ್ರ ವೋಟು ಅಂತ ಕಾನೂನು ಮಾಡಿ ಬಹಳ ಜನರನ್ನು ಮತ್ತೆ ಹೊರಗೆ ಹಾಕಿತು. ನಾನು ಮೇಲೆ ಶಾಸನಸಭೆ ಸೀಟುಗಳ ಲೆಕ್ಕ ಯಾಕೆ ಹೇಳಿದೆ ಅಂತ ಈಗ ಗೊತ್ತಾಗಿರಬಹುದು.

ಒಂದು ಎಚ್ಚರಿಕೆ ಅಣ್ಣನಿಗೆ. ಬಹುಮತಕ್ಕೆ ಹಿಡಿಸುವ ಮಾತನ್ನೇ ಆಡಬೇಕು ಅಂತ ಕಾದು ಕೂರಲು ಆಗುವುದಿಲ್ಲ. 1961ರಲ್ಲಿ ಕಪ್ಪು, ಬಿಳಿ ಯುವಕರು ಬಸ್ಸುಗಳಲ್ಲಿನ ಬಣ್ಣಭೇದ ವಿರೋಧಿಸಿ ಒಟ್ಟಿಗೆ ಬಸ್ಸಿನಲ್ಲಿ ದಕ್ಷಿಣಕ್ಕೆ ಹೋಗಿ ಹೊಡೆತ ತಿಂದಾಗ ಗ್ಯಾಲಪ್ ಜನರ ಅಭಿಪ್ರಾಯ ಕೇಳಿತ್ತು. 61% ಜನ ಅವರು ಮಾಡಿದ್ದು ತಪ್ಪು ಅಂದರು. ಇವತ್ತು ಅವರನ್ನು ಮೆಚ್ಚದವರು ಯಾರಿದ್ದಾರೆ? ಎಲ್ಲರಿಗೂ ಒಪ್ಪಿಗೆಯಾಗುವ ಮಾತು ಮೊದಲು ಒಪ್ಪಿಗೆಯಾಗದ ಮಾತಾಗಿಯೇ ಇರುತ್ತದೆ. ಯಾರೋ ಅದನ್ನು ಹೇಳಿ, ಬೈಸಿಕೊಂಡು, ಮತ್ತೆ ಹೇಳಬೇಕು.

ಹಾಗಾಗಿ ನಾನು ಯಾವುದೇ ಬೇಡಿಕೆ ಬಂದರೂ ನೋಡುವುದು ಒಂದನ್ನೇ. ಇದು ಬೇಲಿಯೊಳಗೆ ನನ್ನೊಬ್ಬನನ್ನು ಬಿಡಿ ಅನ್ನುತ್ತಿದೆಯಾ, ಇಲ್ಲಾ ನನ್ನ ನಂತರ ಬರುವ, ನನ್ನಂತೆ ಇಲ್ಲದ ಒಬ್ಬರಿಗೂ ಆ ಬಾಗಿಲು ತೆರೆದಿರುತ್ತದಾ? ಇದರಿಂದ ಎಲ್ಲ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡಬಹುದಾ ಅನ್ನುವ ಜಗಳ ಇದರಿಂದ ತೀರುವುದಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಬೇಡ ಅಂದಿದೆ, ಲಿಬರಲ್ ಕ್ಯಾಲಿಫೋರ್ನಿಯಾದಲ್ಲೇ 2020ರಲ್ಲಿ ಸುಮಾರು 57% ಮತದಾರರು ಬೇಡ ಅಂದಿದ್ದರು. ಹಳೆ ಅನ್ಯಾಯದ ಗುರುತೇ ಇಲ್ಲದ ಹಾಗೆ ನಡೆದುಕೊಳ್ಳುವುದು ಸರಿ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಅಷ್ಟು ಜನಕ್ಕೆ ಮನವರಿಕೆ ಮಾಡಲು ನಮ್ಮ ಕಡೆಯವರಿಗೆ ಯಾಕೆ ಆಗಲಿಲ್ಲ ಅನ್ನುವುದನ್ನೂ ಕೇಳಿಕೊಳ್ಳಲೇಬೇಕು.

ನೀವು ಇಬ್ಬರ ನಡುವೆ ಸುಮ್ನೆ ಕೂರುತ್ತೀರಿ ಅಂತ ಬರೆದಿದ್ದೀರಿ. ಮುಂದಿನ ಸಲ ಮಾತು ಶುರುವಾದಾಗ ಸುಮ್ಮನಿರಬೇಡಿ, ಇಬ್ಬರಿಗೂ ಒಂದೊಂದು ಪ್ರಶ್ನೆ ಹಾಕಿ. ಅಣ್ಣನನ್ನು ಕೇಳಿ: ನೀನು ಹೇಳುವ 'ನಾವೆಲ್ಲ'ದಲ್ಲಿ 1935ರ ಮನೆಗೆಲಸದ ಕಪ್ಪು ಹೆಂಗಸು ಇದ್ದಾಳಾ, 1928ರ ಬಗಾಯಿ ಇದ್ದಾರಾ, ಇವತ್ತು ಅವರ ಜಾಗದಲ್ಲಿ ಇರುವವರು ಯಾರು? ಮಗಳನ್ನು ಕೇಳಿ: ನಿನ್ನ ಮಾತು ಒಂದಿಷ್ಟೂ ಒಪ್ಪದ, ಆದರೆ ಕೆಟ್ಟವರಲ್ಲದ ಒಬ್ಬರ ಮನೆ ಬಾಗಿಲಲ್ಲಿ ನಿನಗೆ ಐದು ನಿಮಿಷ ಸಿಕ್ಕರೆ ಏನು ಹೇಳುತ್ತೀಯ? ಅಪ್ಪನ ಮೇಲೇ ಅಭ್ಯಾಸ ಮಾಡಲಿ. ಅವಳಿಗೆ ಅದಕ್ಕಿಂತ ಒಳ್ಳೆ ಕೇಳುಗರು ಸಿಗುವುದಿಲ್ಲ, ಒಪ್ಪದಿದ್ದರೂ ಎದ್ದು ಹೋಗದವರು. ಅವರಿಬ್ಬರೂ ಏನು ಹೇಳಿದರು ಅಂತ ನನಗೆ ಬರೆದು ತಿಳಿಸಿ, ನಿಜಕ್ಕೂ ಕಾಯುತ್ತಿರುತ್ತೇನೆ.